ಒಂದು ಕಟ್ಟಿಗೆ ಒಂದು ಹೆಸರು

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟ ಮುಗಿದರೆ ಹೆಂಗಸರು ಬಾಗಿಲ ಮುಂದೆ ಪ್ಯಾಂಟಿನ ರಾಶಿ ಹಾಕಿಕೊಂಡು ಕೂರುತ್ತಾರೆ. ಜೀನ್ಸ್ ಘಟಕದಲ್ಲಿ ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸಿ ಕೊಡುವುದು ನಮ್ಮ ಕೆಲಸ. ಜೇಬಿನ ಮೂಲೆ, ಬೆಲ್ಟ್ ಸಿಕ್ಕಿಸುವ ಪಟ್ಟಿ, ಜಿಪ್ಪಿನ ಬುಡ, ಕಾಲಿನ ಮಡಿಕೆ, ಇಷ್ಟು ಕಡೆ ಕತ್ತರಿ ಆಡಿದರೆ ಒಂದು ಪ್ಯಾಂಟು ಮುಗಿಯಿತು. ಬೆರಳಿಗೆ ಹತ್ತಿದ ನೀಲಿ ಭಾನುವಾರದ ಆರಾಧನೆಯ ಹೊತ್ತಿಗೂ ಪೂರ್ತಿ ಹೋಗಿರುವುದಿಲ್ಲ. ಬೇರೆಯವರಿಗಾಗಿ ಪ್ರಾರ್ಥಿಸುವುದನ್ನು ನಾನು ಕಲಿತದ್ದು ಈ ರಾಶಿಯ ಮುಂದೆ. ಅದಕ್ಕೂ ಮೊದಲು ಹನ್ನೆರಡು ವರ್ಷ ಮಹಿಳೆಯರ ಪ್ರಾರ್ಥನಾ ಕೂಟದಲ್ಲಿ ವಿಜ್ಞಾಪನಾ ಪ್ರಾರ್ಥನೆ ನಡೆಸಿದ್ದೆ. ನಡೆಸಿದ್ದೆ ಅಷ್ಟೇ.

ಕೂಟದಲ್ಲಿ ಮೊದಲು 'ಪ್ರಾರ್ಥನಾ ವಿಷಯ' ಕೇಳುತ್ತೇವೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರ ಮಗನಿಗೆ ಕೆಲಸವಿಲ್ಲ, ಮತ್ತೊಬ್ಬರ ಮನೆಯಲ್ಲಿ ಕುಡಿತ. ಒಂದು ಗುರುವಾರ ಎದುರು ಮನೆಯ ತಂಗಿ ಕೂಟಕ್ಕೆ ಮೊದಲು ನನ್ನ ಕೈ ಹಿಡಿದು, ಮಗಳನ್ನು ಗಂಡನ ಮನೆಯವರು ವಾಪಸು ಕಳಿಸಿದ್ದನ್ನು ಹೇಳಿದಳು. ನಾನು ಕಣ್ಣು ಮುಚ್ಚಿ, ದನಿ ಎತ್ತಿ, ಹುಡುಗಿಯ ಹೆಸರು, ಕಳಿಸಿದ ಕಾರಣ, ಅತ್ತೆಯ ಮಾತು ಎಲ್ಲವನ್ನೂ ಕರ್ತನ ಮುಂದೆ ಒಪ್ಪಿಸಿದೆ. ಸುತ್ತ ಹದಿನೈದು ಮಂದಿ ಕೂತಿದ್ದರು. ಎರಡು ದಿನದಲ್ಲಿ ಬೀದಿ ನಲ್ಲಿಯ ಹತ್ತಿರ ಅದೇ ಮಾತು.

"ಅಕ್ಕಾ, ದೇವರಿಗೆ ಹೇಳಲಿ ಎಂದು ನಿಮಗೆ ಹೇಳಿದೆ. ನೀವು ಓಣಿಗೆ ಹೇಳಿದಿರಿ" ಎಂದಳು. ಆಮೇಲೆ ಅವಳು ಕೂಟಕ್ಕೆ ಬರಲಿಲ್ಲ.

ಹಲವು ತಿಂಗಳು ನನಗೆ ಬಾಯಿ ಬಿಟ್ಟು ಪ್ರಾರ್ಥಿಸಲು ಆಗಲಿಲ್ಲ. ಆ ಜವಾಬ್ದಾರಿಯನ್ನೇ ಬಿಡುತ್ತೇನೆಂದು ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಹೇಳಲು ಹೋದಾಗ ಅವರು ಸಮುವೇಲನ ಮೊದಲ ಪುಸ್ತಕದ 12ನೇ ಅಧ್ಯಾಯ ತೆಗೆದು ಮುಂದಿಟ್ಟರು. ಇಸ್ರಾಯೇಲಿನ ಜನರು ತಮ್ಮನ್ನು ನಡೆಸುತ್ತಿದ್ದ ಪ್ರವಾದಿ ಸಮುವೇಲನನ್ನು ಬದಿಗೆ ಸರಿಸಿ ಅರಸನನ್ನು ಕೇಳಿಕೊಂಡಿದ್ದರು. ಆದರೂ ಅವನು, ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ನಾನು ಯೆಹೋವನಿಗೆ ವಿರುದ್ಧವಾಗಿ ಮಾಡುವ ಪಾಪ ಎನ್ನುತ್ತಾನೆ. ನಾನು ತಪ್ಪು ಮಾಡಿದೆನೆಂದು ಪ್ರಾರ್ಥನೆ ಬಿಡಲು ಹೊರಟಿದ್ದೆ. ಆ ವಚನ ನನಗೆ ಆ ದಾರಿಯನ್ನೂ ಮುಚ್ಚಿತು.

ಅಲ್ಲಿಂದ ಬೈಬಲನ್ನು ಬೇರೆ ಕಣ್ಣಿನಿಂದ ಓದಿದೆ: ಇತರರಿಗಾಗಿ ಬೇಡಿದವರು ಎಲ್ಲಿ ನಿಂತು ಬೇಡಿದರು, ಏನನ್ನು ಹೇಳಿದರು, ಏನನ್ನು ಹೇಳದೆ ಬಿಟ್ಟರು? (ಈ ಗ್ರಂಥಕ್ಕೂ ನಮ್ಮ ಊರಿಗೂ ಹಳೆಯ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಾಕಿದರು. ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.) ಆದಿಕಾಂಡ 18ರಲ್ಲಿ ದೇವರು ನಾಶಮಾಡಲಿದ್ದ ಸೊದೋಮ್ ಊರಿಗಾಗಿ ಅಬ್ರಹಾಮನು, ಇಷ್ಟು ಮಂದಿ ನೀತಿವಂತರಿದ್ದರೆ ಉಳಿಸುವೆಯಾ ಎಂದು ಬೇಡುತ್ತಾ 50ರಿಂದ ಹಿಡಿದು 45, 40, 30, 20, ಕೊನೆಗೆ 10ರವರೆಗೆ ಇಳಿಯುತ್ತಾನೆ. ಎಷ್ಟೋ ಸಲ ಕೇಳಿದ ಪ್ರಸಂಗ. ಆದರೆ ಸಹೋದರನ ಮಗನಾದ ಲೋಟನು ಆ ಊರಿನಲ್ಲೇ ಇದ್ದರೂ ಅಬ್ರಹಾಮನು ಅವನ ಹೆಸರನ್ನು ಒಂದು ಸಲವೂ ಎತ್ತುವುದಿಲ್ಲ ಎಂಬುದು ಆಗಲೇ ನನ್ನ ಗಮನಕ್ಕೆ ಬಂದದ್ದು. ಮುಂದಿನ ಅಧ್ಯಾಯದಲ್ಲಿ ದೇವರು ಅಬ್ರಹಾಮನನ್ನು ನೆನಪಿಸಿಕೊಂಡು ಲೋಟನನ್ನು ಪಾರುಮಾಡಿದನೆಂದು ಬರೆದಿದೆ. ಬಾಯಲ್ಲಿ ಹೇಳದ ಹೆಸರೂ ಅಲ್ಲಿ ಮುಟ್ಟಿತ್ತು. ನಾನು ಕೂಟದಲ್ಲಿ ಅಷ್ಟೆಲ್ಲ ವಿವರ ಹೇಳಿದ್ದು ಯಾರಿಗಾಗಿ? ದೇವರಿಗಂತೂ ಅದರ ಅಗತ್ಯವಿರಲಿಲ್ಲ.

ಹೀಗೆ ಪ್ರಾರ್ಥನೆ ರಾಶಿಯ ಮುಂದಕ್ಕೆ ಬಂತು. ಮೊದಮೊದಲು ಒಂದು ಪ್ಯಾಂಟಿಗೆ ಒಂದು ಹೆಸರು ಇಟ್ಟುಕೊಂಡೆ. ಪಟ್ಟಿ ಬೇಗ ಮುಗಿಯುತ್ತಿತ್ತು, ಆದರೆ ಸಂಜೆಗೆ ಒಬ್ಬರ ಮುಖವೂ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ಅವರಲ್ಲೇ ಒಬ್ಬನಾದ ಎಪಫ್ರನ ವಿಷಯ ಹೇಳುವಾಗ, ಅವನು ನಿಮಗೋಸ್ಕರ ಪ್ರಾರ್ಥನೆಯಲ್ಲಿ ಯಾವಾಗಲೂ ಹೋರಾಡುತ್ತಾನೆ ಎನ್ನುತ್ತಾನೆ. ನಾನು ಮಾಡುತ್ತಿದ್ದುದು ಹೋರಾಟವಲ್ಲ, ಹಾಜರಿ ಕರೆಯುವುದು. ಆದ್ದರಿಂದ ಒಂದು ಕಟ್ಟಿಗೆ ಒಂದೇ ಹೆಸರು ಎಂದು ಬದಲಿಸಿದೆ. ಒಂದು ಕಟ್ಟೆಂದರೆ ಇಪ್ಪತ್ತೈದು ಪ್ಯಾಂಟು. ಐದಾರು ಮುಗಿಯುವಷ್ಟರಲ್ಲಿ ನನ್ನ ಬೇಡಿಕೆಯ ಮಾತೆಲ್ಲ ತೀರುತ್ತದೆ. ಹತ್ತನೆಯದರ ಹೊತ್ತಿಗೆ ಆ ವ್ಯಕ್ತಿ ನಡೆಯುವ ರೀತಿ, ನಗುವ ರೀತಿ, ನನ್ನ ಮೇಲೆ ಒಮ್ಮೆ ರೇಗಿದ್ದು ನೆನಪಿಗೆ ಬರುತ್ತದೆ. ಹದಿನೈದು ದಾಟಿದ ಮೇಲೆ ಬರೀ ಹೆಸರು ಮತ್ತು ಕತ್ತರಿಯ ಸದ್ದು. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುವುದನ್ನು ನಾನು ನಂಬುವುದು ಆ ಹೊತ್ತಿನ ಅನುಭವದಿಂದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಇರುವ 33 ಗೇಟುಗಳಲ್ಲಿ ಹೋದದ್ದು ಒಂದೇ. ಅಷ್ಟಕ್ಕೇ ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರ ನಿದ್ದೆ ಹಾರಿತು. ನಮ್ಮ ನಲ್ಲಿಗೆ ಬರುವುದೂ ಆ ಜಲಾಶಯದ ಕಾಲುವೆಯ ನೀರೇ. ಆ ವಾರ ನನ್ನ ಕಟ್ಟುಗಳೆಲ್ಲ ಅಣೆಕಟ್ಟೆಯ ಹೆಸರಿನಲ್ಲಿ ಹೋದವು. ಧುಮ್ಮಿಕ್ಕುವ ನೀರಿನ ಮೇಲೆ ನಿಂತು ಕೆಲಸಗಾರರು ಉಕ್ಕಿನ ತಡೆಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸುವುದನ್ನು ಮೊಬೈಲಿನಲ್ಲಿ ನೋಡಿದೆ. ವಾರದೊಳಗೆ ನೀರು ನಿಂತಿತು. ದೇಶದ ಪರವಾಗಿ ಗೋಡೆಯ ಒಡಕಿನಲ್ಲಿ ನಿಲ್ಲುವ ಒಬ್ಬನನ್ನು ಹುಡುಕಿದೆ, ಯಾರೂ ಸಿಗಲಿಲ್ಲ ಎಂದು ಯೆಹೆಜ್ಕೇಲನ 22ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾನಲ್ಲ, ಆ ಮಾತನ್ನು ನಾನು ಅಲ್ಲಿಯವರೆಗೆ ಬರೀ ಬಾಯಿಪಾಠ ಮಾಡಿದ್ದೆ. ಒಡಕು ಇರುವ ಜಾಗಕ್ಕೆ ಹೋಗದೆ ಒಡಕಿನಲ್ಲಿ ನಿಲ್ಲಲು ಆಗುವುದಿಲ್ಲ. ಅಂದಿನಿಂದ ಯಾರ ಹೆಸರಿನಲ್ಲಿ ಕಟ್ಟು ಬಿಚ್ಚಿದೆನೋ ಆ ವಾರದಲ್ಲೇ ಅವರ ಮನೆಗೋ ಆಸ್ಪತ್ರೆಗೋ ಹೋಗಿ ಬರುತ್ತೇನೆ. ಹೋಗಿ ಪ್ರಾರ್ಥಿಸಲೇಬೇಕೆಂದಿಲ್ಲ. ಬಟ್ಟೆ ಒಗೆದು ಬಂದದ್ದೂ ಇದೆ, ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಂತದ್ದೂ ಇದೆ.

ಕೇಳಿದ್ದೆಲ್ಲ ಸಿಗಲಿಲ್ಲ. ನಮ್ಮ ಓಣಿಯ ಅಜ್ಜಿಯೊಬ್ಬರ ಮೊಮ್ಮಗನಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಹನ್ನೊಂದು ಕಟ್ಟು ಅವನ ಹೆಸರಿನಲ್ಲಿ ಮುಗಿಸಿದೆ. ಅವನು ತೀರಿಕೊಂಡ. ಹನ್ನೆರಡನೆಯ ಕಟ್ಟು ಎರಡು ದಿನ ಬಿಚ್ಚದೆ ಮೂಲೆಯಲ್ಲೇ ಬಿದ್ದಿತ್ತು. ಯಾಕೆ ಹೀಗಾಯಿತೆಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಇದೆಯೆಂದು ತೋರಿಸಿಕೊಳ್ಳಲಾರೆ. ಮೂರನೆಯ ದಿನ ಆ ಕಟ್ಟನ್ನು ಅಜ್ಜಿಯ ಹೆಸರಿನಲ್ಲಿ ಬಿಚ್ಚಿದೆ.

ವಿಮೋಚನಕಾಂಡ 17ರಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿರುವ ತನಕ ಇಸ್ರಾಯೇಲ್ಯರ ಕೈ ಮೇಲಾಗುತ್ತದೆ, ಆದರೆ ಅವನ ಕೈ ಸೋಲುತ್ತದೆ. ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಹೊತ್ತು ಮುಳುಗುವ ತನಕ ಆಚೆಗೊಬ್ಬ ಈಚೆಗೊಬ್ಬ ನಿಂತು ಕೈ ಎತ್ತಿ ಹಿಡಿಯುತ್ತಾರೆ. ನನಗೂ ಈಗ ಬೆರಳ ಸಂದಿ ನೋಯುತ್ತದೆ, ಸಂಜೆಯ ಬೆಳಕಿನಲ್ಲಿ ನೀಲಿ ಬಟ್ಟೆಯ ಮೇಲಿನ ನೀಲಿ ದಾರ ಕಾಣುವುದಿಲ್ಲ.

ಕಳೆದ ತಿಂಗಳು ಒಂದು ಸಂಜೆ ಕಟ್ಟು ಅರ್ಧಕ್ಕೆ ಬಂದಿತ್ತು. ಎದುರು ಮನೆಯ ತಂಗಿ ತನ್ನ ಕತ್ತರಿ ಹಿಡಿದು ಓಣಿ ದಾಟಿ ಬಂದಳು.

"ಇವತ್ತಿನದು ಯಾರ ಹೆಸರಿನ ಕಟ್ಟು ಅಕ್ಕಾ?"

"ಅದನ್ನು ಹೇಳುವುದಿಲ್ಲ ತಂಗಿ."

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಚಾಪೆಯ ತುದಿಯಲ್ಲಿ ಕೂತು, ರಾಶಿಯಿಂದ ಒಂದು ಪ್ಯಾಂಟು ಎಳೆದುಕೊಂಡು, ಜೇಬಿನ ಮೂಲೆಯಿಂದ ದಾರ ಕತ್ತರಿಸತೊಡಗಿದಳು.