‘ಏನೂ ಆಗಲ್ಲ’ ಅಂತ ಹೇಳಿ ನಾನೇ ಕೆಡಿಸಿದ್ದು

11 ವರ್ಷದ ಹುಡುಗ. ನನ್ನೆದುರು ಕೂತಿದ್ದರೂ ಕಣ್ಣೆಲ್ಲ ಅಮ್ಮನ ಮೇಲೆ. ಐದು ನಿಮಿಷದಲ್ಲಿ ನಾಲ್ಕು ಸಲ ಒಂದೇ ಪ್ರಶ್ನೆ: ‘ಅಮ್ಮ, ನನ್ನಿಂದ ನಿನಗೆ ಏನೂ ಆಗಲ್ಲ ಅಲ್ವಾ?’ ನಾಲ್ಕು ಸಲವೂ ಅವರು ‘ಏನೂ ಆಗಲ್ಲ ಕಂದ’ ಅಂದರು. ಬಾಗಿಲ ಹಿಡಿ ಮುಟ್ಟಿದರೆ ರೋಗ ಅಂಟುತ್ತದೆ, ತನ್ನ ಕೈಯಿಂದ ಅದು ಅಮ್ಮನಿಗೆ ಹರಡಿ ಅವರು ಸತ್ತೇ ಹೋಗುತ್ತಾರೆ ಎಂಬ ಹೆದರಿಕೆ ಅವನಿಗೆ. ತೊಳೆದೂ ತೊಳೆದೂ ಬೆರಳ ಸಂದೆಲ್ಲ ಬಿರಿದಿತ್ತು. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಮಕ್ಕಳ ಮನಃಶಾಸ್ತ್ರಜ್ಞೆಯಾಗಿ ನಾನು ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವರ್ಷ. ಒಸಿಡಿ, ಅಂದರೆ ಗೀಳು ಕಾಯಿಲೆ ಇರುವ ಮಗುವಿಗೆ ಸಮಾಧಾನ ಹೇಳುತ್ತಾ ಹೋಗಬಾರದು ಅಂತ ಚೆನ್ನಾಗಿಯೇ ಓದಿದ್ದೆ. ಆದರೂ ಮೂರನೇ ಭೇಟಿಯಲ್ಲಿ ಅವನು ಅಳುತ್ತಾ ನನ್ನನ್ನೇ ಕೇಳಿದಾಗ ಬಾಯಿಗೆ ಬಂದದ್ದು ಅದೇ ಮಾತು. ‘ಏನೂ ಆಗಲ್ಲ ಪುಟ್ಟ.’ ಅವನ ಮುಖ ಅರಳಿತು. ನನಗೂ ಹಾಯೆನಿಸಿತು.

ಎರಡು ದಿನ ಬಿಟ್ಟು ಅವನ ಅಮ್ಮ ಫೋನ್ ಮಾಡಿದರು. ‘ಈಗ ಹೊಸದೊಂದು ಶುರುವಾಗಿದೆ ಮೇಡಂ. ಆ ಮೇಡಂ ಸರಿಯಾಗಿ ಯೋಚನೆ ಮಾಡಿ ಹೇಳಿದ್ರಾ, ಸುಮ್ನೆ ಹೇಳಿದ್ರಾ ಅಂತ ಕೇಳ್ತಾನೆ ಇರ್ತಾನೆ.’

ಕಾಯಿಲೆಗೆ ನಾನೇ ಮೇವು ಹಾಕಿದ್ದೆ. ಸಮಾಧಾನದ ಮಾತು ಕೇಳಿದ ತಕ್ಷಣ ಭಯ ಇಳಿಯುತ್ತದೆ. ಇಳಿಯುವುದೇ ತೊಂದರೆ. ಕೇಳಿದ್ದರಿಂದಲೇ ಬಚಾವಾದೆ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಕೇಳಿಸುತ್ತದೆ. ಕೈ ತೊಳೆಯುವುದಕ್ಕೂ ಅಮ್ಮನನ್ನು ಕೇಳುವುದಕ್ಕೂ ವ್ಯತ್ಯಾಸವೇ ಇಲ್ಲ.

ಮೊದಲಿನಿಂದ ಶುರು ಮಾಡಿದೆ. ಕಾಯಿಲೆಗೆ ಅವನೇ ಒಂದು ಹೆಸರಿಟ್ಟ: ಪಿರಿಪಿರಿ. ಮಕ್ಕಳ ಒಸಿಡಿ ಎಷ್ಟು ಜೋರಾಗಿದೆ ಅಂತ ಅಳೆಯಲು 40 ಅಂಕದ ಒಂದು ಮಾಪನವಿದೆ. ಅದರಲ್ಲಿ ಅವನದು 27 ಬಂತು. ಆಮೇಲೆ ಹೆದರಿಕೆಗಳನ್ನೆಲ್ಲ ಚೀಟಿಗಳಲ್ಲಿ ಬರೆದು, ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಟ್ಟು, ಏಣಿಯ ಮೆಟ್ಟಿಲಿನಂತೆ ಜೋಡಿಸಿದೆವು. ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಹೆದರಿಕೆಗೆ ಎದುರಾಗಬೇಕು, ಆಮೇಲೆ ತೊಳೆಯಬಾರದು, ಕೇಳಬಾರದು. ಇದಕ್ಕೆ ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಅನ್ನುತ್ತಾರೆ. 1966ರಲ್ಲಿ ಮನಃಶಾಸ್ತ್ರಜ್ಞ ವಿಕ್ಟರ್ ಮೇಯರ್ ದೊಡ್ಡವರಲ್ಲಿ ಮಾಡಿ ತೋರಿಸಿದ ದಾರಿ. ಈಗಲೂ ಮಕ್ಕಳಿಗೆ ಮೊದಲು ಮಾಡುವ ಚಿಕಿತ್ಸೆ ಇದೇ.

ಆರನೇ ಭೇಟಿ ಚೆನ್ನಾಗಿ ನೆನಪಿದೆ. ಬಾಗಿಲ ಹಿಡಿ ಮುಟ್ಟಿ, ಅದೇ ಕೈಯನ್ನು ಅಮ್ಮನ ಅಂಗೈ ಮೇಲೆ ಇಡಬೇಕಿತ್ತು. ಮೊದಲು ನಾನು ಮುಟ್ಟಿ ನನ್ನ ಕೆನ್ನೆಗೆ ಒರೆಸಿಕೊಂಡೆ. (ನಾವು ಮಾಡದ್ದನ್ನು ಮಗುವಿಗೆ ಮಾಡು ಅನ್ನಬಾರದು.) ಅವನು ಒಂದು ಬೆರಳು ಇಟ್ಟ, ಆಮೇಲೆ ಎರಡು, ಕೊನೆಗೆ ಇಡೀ ಕೈ. ‘ಎಷ್ಟು?’ ಅಂದೆ. ‘ಎಂಟು.’ ಐದು ನಿಮಿಷಕ್ಕೆ ಮತ್ತೆ ಎಂಟು. ‘ಅಮ್ಮನಿಗೆ ಏನಾದ್ರೂ ಆದ್ರೆ?’ ಈ ಸಲ ನಾನು ಹೇಳಿದ್ದು: ‘ಆಗಬಹುದು, ಆಗದೇನೂ ಇರಬಹುದು. ನೋಡೋಣ.’ ಅಮ್ಮ ನನ್ನನ್ನು ದುರುಗುಟ್ಟಿ ನೋಡಿದರು. 20 ನಿಮಿಷದ ಹೊತ್ತಿಗೆ ಆರು, 35ಕ್ಕೆ ನಾಲ್ಕು. ಅಂಕ ಇಳಿಯಲೇಬೇಕು ಅಂತೇನಿಲ್ಲ. ಕೆಲವು ದಿನ ಇಳಿಯುವುದೇ ಇಲ್ಲ. ಎಂಟರಲ್ಲಿದ್ದರೂ ತೊಳೆಯದೆ, ಕೇಳದೆ ಕೂರಬಲ್ಲೆ ಅಂತ ಗೊತ್ತಾದರೆ ಅಷ್ಟೇ ಸಾಕು.

ನಿಜವಾಗಿ ಜಾಸ್ತಿ ಹೊತ್ತು ಹಿಡಿದದ್ದು ಮನೆಯವರ ಜೊತೆಗಿನ ಕೆಲಸ. ಅಪ್ಪನಿಗೆ ಇದೆಲ್ಲ ಬರೀ ಹಟ ಅನಿಸಿತ್ತು, ಬೈಯುತ್ತಿದ್ದರು. ಅಮ್ಮ ದಿನಕ್ಕೆ ಎಷ್ಟು ಸಲ ಉತ್ತರ ಕೊಡುತ್ತಾರೆ ಅಂತ ಗೆರೆ ಹಾಕಿ ಎಣಿಸಲು ಹೇಳಿದೆ. ಮೊದಲ ದಿನ 63. ಒಮ್ಮೆಲೇ ನಿಲ್ಲಿಸಲಿಲ್ಲ. ಹುಡುಗನನ್ನೂ ಕೂರಿಸಿಕೊಂಡು, ಈ ವಾರ ಇಷ್ಟೇ ಉತ್ತರ ಅಂತ ಒಪ್ಪಂದ ಮಾಡಿಕೊಂಡೆವು. ಅದು ಮುಗಿದ ಮೇಲೆ ಒಂದೇ ಮಾತು: ‘ಇದು ಪಿರಿಪಿರಿ ಕೇಳ್ತಿರೋ ಪ್ರಶ್ನೆ. ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ನೀನು ತಡ್ಕೋತೀಯ ಅಂತಾನೂ ಗೊತ್ತು.’ ಮೊದಲ ವಾರ ಕೂಗಾಟ ಜೋರಾಯಿತು. ಆಗುತ್ತದೆ ಅಂತ ಮೊದಲೇ ಹೇಳಿಟ್ಟಿದ್ದೆ, ಇಲ್ಲದಿದ್ದರೆ ಅವರು ಬಿಟ್ಟೇಬಿಡುತ್ತಿದ್ದರು. ಎರಡನೇ ವಾರದಲ್ಲಿ ಎಣಿಕೆ ಇದ್ದಕ್ಕಿದ್ದಂತೆ ಇಳಿಯಿತು. ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಅಜ್ಜಿ ಒಳಗಿನ ಕೋಣೆಯಲ್ಲಿ ಗುಟ್ಟಾಗಿ ಉತ್ತರ ಕೊಡುತ್ತಿದ್ದರು! ಮುಂದಿನ ಭೇಟಿಗೆ ಅಜ್ಜಿಯನ್ನೂ ಕರೆಸಿದೆ. ಕೊನೆಗೆ ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಅವರೇ.

‘ಇಷ್ಟೆಲ್ಲ ಯಾಕೆ, ಮಾತ್ರೆ ಕೊಟ್ಟರೆ ಆಗಲ್ವಾ?’ ಅಂತ ಅಪ್ಪ ಕೇಳಿದ್ದರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದೆ. 7ರಿಂದ 17 ವರ್ಷದ 112 ಮಕ್ಕಳು, 12 ವಾರ. ಕಾಯಿಲೆ ಹೆಚ್ಚುಕಡಿಮೆ ಹತೋಟಿಗೆ ಬಂದದ್ದು ಬರೀ ಸೆರ್ಟ್ರಲಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 21ರಷ್ಟು ಮಂದಿಗೆ, ಬರೀ ಇಂಥ ಚಿಕಿತ್ಸೆ ಪಡೆದವರಲ್ಲಿ ಶೇ. 39ರಷ್ಟು ಮಂದಿಗೆ, ಎರಡೂ ಸಿಕ್ಕವರಲ್ಲಿ ಶೇ. 54ರಷ್ಟು ಮಂದಿಗೆ. ಈ ಹುಡುಗನಿಗೆ ಮಾತ್ರೆ ಬೇಕಾಗಲಿಲ್ಲ.

ಅದೇ ವರ್ಷ ಬಂದ 16ರ ಹುಡುಗಿಗೆ ಬೇಕಾಯಿತು. ಒಂದು ಪುಟ ಓದಲು ಒಂದು ಗಂಟೆ ಹಿಡಿಯುತ್ತಿತ್ತು, ಬರೆದದ್ದನ್ನು ಕಾಗದ ಹರಿಯುವವರೆಗೂ ಅಳಿಸುತ್ತಿದ್ದಳು. ಮನೋವೈದ್ಯರು ಮಾತ್ರೆ ಶುರು ಮಾಡಿದರು. ಪರಿಣಾಮ ಪೂರ್ತಿ ಕಾಣಲು 8ರಿಂದ 12 ವಾರ ಬೇಕು. ಅಲ್ಲದೆ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಬರುತ್ತಿದೆಯಾ ಅಂತ ಗಮನಿಸುತ್ತಲೇ ಇರಬೇಕು. ಕಾಯಿಲೆಗೆ ಹೆಸರಿಡೋಣ ಅಂದಾಗ ‘ನಾನೇನು ಚಿಕ್ಕ ಮಗುವಾ ಮೇಡಂ?’ ಅಂದಳು. ಸರಿ, ಒಸಿಡಿ ಅಂತಲೇ ಕರೆದೆವು. ನಾಲ್ಕು ಭೇಟಿ ಕಳೆದ ಮೇಲೆ ನಾನೇ ನೇರವಾಗಿ ಕೇಳಿದೆ: ‘ಹೇಳಲು ನಾಚಿಕೆಯಾಗುವಂಥ, ಯಾರಿಗೋ ಕೆಟ್ಟದ್ದು ಮಾಡಿಬಿಡ್ತೀನೇನೋ ಅನ್ನುವಂಥ ಯೋಚನೆ ಬರುತ್ತಾ? ತುಂಬಾ ಜನಕ್ಕೆ ಬರುತ್ತೆ.’ ಸುಮಾರು ಹೊತ್ತು ಅತ್ತಳು. ತಮ್ಮನಿಗೆ ಚಾಕು ಹಾಕಿಬಿಡುತ್ತೇನೆ ಎಂಬ ಭಯ ಎರಡು ವರ್ಷದಿಂದ ಕಾಡುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಹದಿಹರೆಯದವರನ್ನು ಈಗ ಎರಡನೇ ಭೇಟಿಯಲ್ಲೇ ಕೇಳುತ್ತೇನೆ.

ಮೊದಲು 27 ಇದ್ದ ಹುಡುಗನ ಅಂಕ 14ನೇ ಭೇಟಿಗೆ 9ಕ್ಕೆ ಇಳಿದಿತ್ತು. ಹೊರಡುವಾಗ ಬಾಗಿಲ ಹಿಡಿ ಹಿಡಿದುಕೊಂಡೇ ನಿಂತು ಕೇಳಿದ: ‘ಮುಂದಿನ ವಾರ ಬರೋದು ಬೇಡ ಅಲ್ವಾ?’

ಉತ್ತರ ಕೊಡಲೋ ಬೇಡವೋ ಅಂತ ನಾನು ತಡವರಿಸಿದೆ. ಅವನಿಗೆ ನಗು ಬಂತು. ‘ಇದು ನಾನೇ ಕೇಳ್ತಿರೋದು ಮೇಡಂ, ಪಿರಿಪಿರಿ ಅಲ್ಲ.’

ಒಂದು ತಿಂಗಳು ಬಿಟ್ಟು ಬಾ ಅಂದೆ.