ಬೂದಿಯಲ್ಲಿ ಬರೆದ ನಕ್ಷೆ

ಪಿಎಚ್‌ಡಿಗೆಂದು ನಾಗರಹೊಳೆ ಕಾಡಿನ ಅಂಚಿನ ಆದಿವಾಸಿ ಹಾಡಿಯೊಂದಕ್ಕೆ ಹೋದಾಗ ನನ್ನ ಕೈಯಲ್ಲಿ ಜಿಪಿಎಸ್ ಇತ್ತು. ಮನೆ, ಬೋರ್‌ವೆಲ್, ದಾರಿ ಎಲ್ಲ ಗುರುತು ಹಾಕಿಕೊಂಡು ಮೂರೇ ದಿನದಲ್ಲಿ ನಕ್ಷೆ ಮುಗಿಸಿದೆ. ಜೇನುಕುರುಬರ ಅಜ್ಜ ಒಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲಿ ಮೇಡಂ?" ಎಂದರು. ಅದು ಕಾಡಿನೊಳಗಿತ್ತು. ನನ್ನ ನಕ್ಷೆಯಲ್ಲಿ ಅಲ್ಲಿ ಬರೀ ಹಸಿರು ಬಣ್ಣ.

ನಕ್ಷೆಗಳು ಏನನ್ನು ಹೇಳದೆ ಬಿಡುತ್ತವೆ ಅನ್ನೋದರ ಬಗ್ಗೆ ಭೂಗೋಳ ತಜ್ಞ ಹಾರ್ಲಿ 1980ರ ದಶಕದಲ್ಲೇ ಬರೆದಿದ್ದರು. ಅದನ್ನು ಓದಿ ಪರೀಕ್ಷೆಯಲ್ಲಿ ಅಂಕವನ್ನೂ ತೆಗೆದುಕೊಂಡಿದ್ದೆ!

ಮುಂದಿನ ಸಲ ಜಿಪಿಎಸ್ ಹೊರಗೇ ತೆಗೆಯಲಿಲ್ಲ. ನಕ್ಷೆಯನ್ನು ಹಾಡಿಯವರೇ ಬರೆಯಲಿ ಎಂದುಕೊಂಡೆ. ಆದರೆ ಜನ ಸಿಗಬೇಕಲ್ವಾ? ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಬೆಳಿಗ್ಗೆಯೇ ಜೀಪು ಬಂದು ಎಲ್ಲರನ್ನೂ ತೋಟಕ್ಕೆ ಕರೆದೊಯ್ಯುತ್ತದೆ. ಕತ್ತಲಾದ ಮೇಲೆ ಆನೆ ಭಯ. ರಜೆಯ ದಿನ ಸಂತೆ. ಕೊನೆಗೆ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ಎರಡು ತಿಂಗಳು ಸಿಕ್ಕವು.

ಅಂಗಳದಲ್ಲಿ ಒಲೆ ಬೂದಿಯಿಂದ ಗೆರೆ ಎಳೆದರು. ಮನೆಗೊಂದು ಕಲ್ಲು, ಮರಕ್ಕೊಂದು ಕಾಫಿ ಬೀಜ. ಗಂಡಸರ ನಕ್ಷೆಯಲ್ಲಿ ದಾರಿಗಳೆಲ್ಲ ತೋಟಕ್ಕೆ, ಪೇಟೆಗೆ ಹೋಗುತ್ತಿದ್ದವು. ಹೆಂಗಸರು ಬೇರೆ ಕೂತು ಬರೆದರು. ಅದರಲ್ಲಿ ಸೌದೆ, ಗೆಣಸು, ಸೊಪ್ಪು, ನೀರು, ಜೊತೆಗೆ ಫಾರೆಸ್ಟ್ ಗಾರ್ಡ್ ತಡೆದು ಬೈಯುವ ಜಾಗ. ಎರಡನ್ನೂ ಸೇರಿಸಲು ಹೋದೆ, ಜಗಳವಾಯಿತು. ಎರಡೂ ಹಾಗೇ ಉಳಿದವು. ಅದೇ ಸರಿ ಅಂತ ಈಗ ಅನಿಸುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಸಮಾಧಿ ಜಾಗ, ದೇವರ ಮರ, ಹಿರಿಯರ ಹೇಳಿಕೆಗಳನ್ನೂ ಕಾಡಿನ ಮೇಲಿನ ಹಕ್ಕಿಗೆ ಪುರಾವೆ ಎಂದು ಒಪ್ಪುತ್ತವೆ. ಒಂದೇ ಬಗೆಯ ಪುರಾವೆ ಸಾಲದು. ಹಾಗಾಗಿ ಬೂದಿಯ ನಕ್ಷೆಗಳನ್ನು ದೊಡ್ಡ ಹಾಳೆಗೆ ಇಳಿಸಿ, ಅಜ್ಜನ ಮಾತನ್ನೂ ಬರೆದು, ಗ್ರಾಮಸಭೆಗೆ ಇಟ್ಟರು. ಮೂಲ ಹಾಳೆ ಹಾಡಿಯಲ್ಲೇ ಇದೆ, ನನ್ನ ಹತ್ತಿರ ಇರುವುದು ನಕಲು.

ಕೆಲಸದ ಸಂದರ್ಶನದಲ್ಲಿ ಇದಕ್ಕೆ ಅಂಕ ಬರಲಿಲ್ಲ. "ಇದು ಸಮಾಜಸೇವೆ, ಸಂಶೋಧನೆ ಎಲ್ಲಿ?" ಎಂದರು. ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿಯೇ ಕಳೆದೆ. ಆಮೇಲೆ ಇದನ್ನೇ ಲೇಖನ ಮಾಡಿ ಸಂಶೋಧನಾ ಪತ್ರಿಕೆಗೆ ಕಳಿಸಿದಾಗ, ಜೇನು ಮರಗಳ ಜಾಗ ನಕ್ಷೆಯಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ಬಂತು.

ಬೂದಿಯ ನಕ್ಷೆಯಲ್ಲಿ ಅವು ಇದ್ದವು. ಹಾಳೆಗೆ ಇಳಿಸುವ ಮುಂಚೆ ಅಜ್ಜ ಬಗ್ಗಿ, ಆ ಬೀಜಗಳನ್ನು ಒಂದೊಂದಾಗಿ ಎತ್ತಿ ಜೇಬಿಗೆ ಹಾಕಿಕೊಂಡಿದ್ದರು.