ಬಿಲ್ಜ್ ನೀರಿನ ಎಣ್ಣೆ ಸಮುದ್ರಕ್ಕೆ ಹೋಗದಂತೆ ಮಾಡುವುದು ಹೇಗೆ

ಗೋವಾದ ಮುರ್ಮುಗಾವ್ ಬಂದರಿನ ಟಗ್, ಬಾರ್ಜ್, ಸಹಾಯಕ ನೌಕೆಗಳ ಎಂಜಿನ್ ರೂಮಿನಲ್ಲಿ ದುಡಿಯುವ ವಾಸ್ಕೋದ ನಮ್ಮವರಿಗೆ ಬಿಲ್ಜ್, ಅಂದರೆ ಹಡಗಿನ ತಳದಲ್ಲಿ ಎಣ್ಣೆ ಬೆರೆತ ನೀರು ಸೇರುವ ಜಾಗ, ಹೊಸತೇನಲ್ಲ. ಹಡಗುಗಳಿಂದ ಆಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್ ಪ್ರಕಾರ ಹೊರಬಿಡುವ ನೀರಿನಲ್ಲಿ ಎಣ್ಣೆ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ದಾಟಬಾರದು. 1000 ಲೀಟರಿಗೆ ಒಂದು ದೊಡ್ಡ ಚಮಚ, ಅಷ್ಟೇ. ಅದನ್ನೂ ಹಡಗು ಸಾಗುತ್ತಿರುವಾಗ, ನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವ ಸೆಪರೇಟರ್ ಮೂಲಕವೇ ಬಿಡಬೇಕು. ಯುದ್ಧನೌಕೆಗಳಿಗೆ 3ನೇ ವಿಧಿಯಲ್ಲಿ ವಿನಾಯಿತಿ ಇದೆ. ಅವೂ ಸಾಧ್ಯವಾದಷ್ಟು ಹೀಗೇ ನಡೆದುಕೊಳ್ಳಬೇಕು ಎಂಬ ಮಾತೂ ಅಲ್ಲೇ ಇದೆ.

ಮೊದಲು ಸೋರಿಕೆ ನಿಲ್ಲಿಸಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಸುಮಾರು 4 ಲೀಟರ್ ಆಗುತ್ತದೆ. ಫ್ಯೂಯಲ್ ಪಂಪ್, ಫಿಲ್ಟರ್‌ಗಳ ಕೆಳಗೆ ಟ್ರೇ ಇಟ್ಟು, ಅದರ ಡ್ರೇನನ್ನು ಸ್ಲಡ್ಜ್ (ಎಣ್ಣೆಯ ಕೊಳೆ) ಟ್ಯಾಂಕಿಗೆ ಜೋಡಿಸಿ. ಪ್ರೊಪೆಲ್ಲರ್ ಶಾಫ್ಟ್ ಹೊರಹೋಗುವಲ್ಲಿನ ಸೀಲ್ ಆದ ಸ್ಟರ್ನ್ ಗ್ಲ್ಯಾಂಡಿನಿಂದ ಬರುವುದು ಹೆಚ್ಚಾಗಿ ಸಮುದ್ರದ ನೀರೇ. ಅದಕ್ಕೆ ಬೇರೆ ಗುಂಡಿ ಮಾಡಿಕೊಟ್ಟರೆ ಸೆಪರೇಟರ್ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ. ಮಳೆನೀರು ಒಳಬರದಂತೆ ಮಳೆಗಾಲಕ್ಕೆ ಮುಂಚೆ ಹ್ಯಾಚ್ ಗ್ಯಾಸ್ಕೆಟ್ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಸೋಪಿನಲ್ಲಿ. ಫ್ಲೋರ್ ಪ್ಲೇಟ್ ಫಳಫಳ ಹೊಳೆಯಲಿ ಎಂದು ಡಿಟರ್ಜೆಂಟ್ ಸುರಿದು ಬಿಲ್ಜ್‌ಗೇ ತೊಳೆದುಬಿಡುತ್ತಾರೆ. ಎಣ್ಣೆ ಒಡೆದು ಹಾಲಿನಂಥ ಎಮಲ್ಷನ್ ಆಗುತ್ತದೆ. ಹನಿ ಹತ್ತು ಪಟ್ಟು ಚಿಕ್ಕದಾದರೆ ಮೇಲೇಳುವ ವೇಗ ನೂರು ಪಟ್ಟು ಕಡಿಮೆ. ಆಮೇಲೆ ಯಾವ ಸೆಪರೇಟರೂ ಅದನ್ನು ಸುಲಭಕ್ಕೆ ಬೇರ್ಪಡಿಸದು. ಚಿಂದಿಬಟ್ಟೆಯಿಂದ ಒರೆಸಿ. ತೊಳೆಯಲೇಬೇಕಿದ್ದರೆ ಬೇಗ ಬೇರ್ಪಡುವ ಕ್ಲೀನರ್ ಬಳಸಿ, ಆ ನೀರನ್ನು ಟ್ಯಾಂಕಿನಲ್ಲಿ ಒಂದು ದಿನ ಅಲುಗಾಡದಂತೆ ಬಿಡಿ. ಸೆಪರೇಟರಿಗೆ ನೀರು ತಳ್ಳುವ ಸೆಂಟ್ರಿಫ್ಯೂಗಲ್ ಪಂಪ್ ಕೂಡ ಎಣ್ಣೆಯನ್ನು ಕಡೆದುಹಾಕುತ್ತದೆ. ಸ್ಕ್ರೂ ಅಥವಾ ಪಿಸ್ಟನ್ ಪಂಪ್ ವಾಸಿ.

ಸೆಪರೇಟರ್ ಚಾಲೂ ಮಾಡುವ ಮುನ್ನ ಗಾಳಿ ಪೂರ್ತಿ ಹೋಗುವವರೆಗೆ ಶುದ್ಧ ನೀರು ತುಂಬಿ. ಖಾಲಿ ಇದ್ದಾಗ ಎಣ್ಣೆನೀರು ಬಿಟ್ಟರೆ ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡುವ ಕೋಲೆಸರ್ ಫಿಲ್ಟರಿಗೆ ಎಣ್ಣೆ ಮೆತ್ತಿಕೊಂಡು ಕಟ್ಟಿಕೊಳ್ಳುತ್ತದೆ. ಎಣ್ಣೆ 15 ಪಿಪಿಎಂ ದಾಟಿ ಅಲಾರಂ ಕೂಗಿದಾಗ ಮೂರು ದಾರಿಯ ವಾಲ್ವ್ ನೀರನ್ನು ಟ್ಯಾಂಕಿಗೇ ತಿರುಗಿಸಬೇಕು. ಎದುರಿಗೆ ನಿಂತು ನೋಡಿ. ಎಣ್ಣೆ ಇಲ್ಲದೆಯೂ ಕೂಗುತ್ತಿದ್ದರೆ ತುಕ್ಕಿನ ಪುಡಿ ಕಾರಣವಿರಬಹುದು, ಸೆನ್ಸರಿನ ಗಾಜಿನ ನಳಿಕೆಯನ್ನು ಬ್ರಷ್ ಹಾಕಿ ಉಜ್ಜಿ. ಸೆನ್ಸರಿಗೆ ನೀರು ಒಯ್ಯುವ ಸ್ಯಾಂಪಲ್ ಲೈನಿಗೆ ಸಿಹಿನೀರು ಬಿಟ್ಟು ರೀಡಿಂಗ್ ಇಳಿಸುವ ಚಾಲಾಕಿತನ ಅಪರಾಧ.

ಬಂದರಿನೊಳಗೆ ಏನನ್ನೂ ಹೊರಬಿಡಬೇಡಿ, ಎಣ್ಣೆನೀರು ಪಡೆಯುವ ರಿಸೆಪ್ಷನ್ ಬಾರ್ಜಿಗೋ ಟ್ಯಾಂಕರಿಗೋ ಕೊಡಿ. ಎಣ್ಣೆ ಚೆಲ್ಲಿದರೆ ಕೂಡಲೇ ಬಂದರಿಗೆ ತಿಳಿಸಿ, ಹೀರುವ ಪ್ಯಾಡ್ ಹಾಸಿ. ಸೋಪು ಎರಚಿದರೆ ಎಣ್ಣೆ ಕಣ್ಣಿಗೆ ಮರೆಯಾಗಿ ನೀರಿನಲ್ಲೇ ಉಳಿಯುತ್ತದೆ. ಕೊಟ್ಟ ನೀರಿನ ರಸೀದಿಯನ್ನು ಎಣ್ಣೆಯ ಲೆಕ್ಕ ಬರೆಯುವ ಆಯಿಲ್ ರೆಕಾರ್ಡ್ ಬುಕ್ ಜೊತೆ ಇಡಿ. ಆ ಪುಸ್ತಕವನ್ನು ಕೊನೆಯ ನಮೂದಿನಿಂದ 3 ವರ್ಷ ಕಾಯ್ದಿಡಬೇಕು.